ಹತ್ತರಲ್ಲಿ ಒಬ್ಬರು

ಧರ್ಮಕೇಂದ್ರದ ವಾರ್ಷಿಕ ಹಬ್ಬಕ್ಕೆ ಮುಂಚೆ ಒಂಬತ್ತು ದಿನಗಳ ನೊವೇನ ನಡೆಯುವಾಗ ಪ್ರತಿ ಸಂಜೆಗೂ ಒಂದೊಂದು ವಿಷಯವನ್ನು ಗೊತ್ತುಮಾಡುವುದು ನಮ್ಮಲ್ಲಿ ವಾಡಿಕೆ. ಈ ಸಲ ಐದನೆಯ ಸಂಜೆಗೆ ಗೊತ್ತಾದ ವಿಷಯ 'ನಮ್ಮ ಊರು, ನಮ್ಮ ನೆರೆಹೊರೆ'. ಅಂದಿನ ಪ್ರಬೋಧನೆಯ ಹೊಣೆ ನಮ್ಮ ಪಾಲಿಗೆ ಬಂದಿತು. ಹಳೆಯ ಒಡಂಬಡಿಕೆಯಲ್ಲಿ ನೆಹೆಮೀಯನ ಗ್ರಂಥದ 11ನೆಯ ಅಧ್ಯಾಯವನ್ನು ಆರಿಸಿಕೊಂಡೆವು. ಈ ಅಧ್ಯಾಯವು ಭಾನುವಾರದ ಪೂಜೆಯಲ್ಲಾಗಲಿ ವಾರದ ದಿನಗಳ ಪೂಜೆಯಲ್ಲಾಗಲಿ ವಾಚನಕ್ಕೆ ಬರುವುದಿಲ್ಲ. ಮನೆಯಲ್ಲಿ ಶ್ರದ್ಧೆಯಿಂದ ಬೈಬಲ್ ಓದುವವರೂ ಇಲ್ಲಿನ ಹೆಸರುಗಳ ಉದ್ದನೆಯ ಪಟ್ಟಿಯನ್ನು ಕಂಡು ಪುಟ ಮಗುಚುತ್ತಾರೆ. ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ನಾವೂ ಹಾಗೆಯೇ ಮಗುಚಿದವರು.

ಅಧ್ಯಾಯದ ತಿರುಳು ಮೊದಲ ಎರಡು ವಚನಗಳಲ್ಲಿಯೇ ಇದೆ. ಜನನಾಯಕರು ಜೆರುಸಲೇಮಿನಲ್ಲಿ ನೆಲೆಸಿದ್ದರು. ಉಳಿದ ಜನರು ಚೀಟು ಹಾಕಿ, ಹತ್ತು ಮಂದಿಗೆ ಒಬ್ಬರಂತೆ ಆ ಪವಿತ್ರ ನಗರಕ್ಕೆ ಕಳುಹಿಸಿದರು. ಮಿಕ್ಕ ಒಂಬತ್ತು ಮಂದಿ ತಮ್ಮ ತಮ್ಮ ಊರುಗಳಲ್ಲಿ ಉಳಿದರು. ತಾವಾಗಿಯೇ ಮನಸ್ಸುಮಾಡಿ ನಗರವಾಸಕ್ಕೆ ಒಪ್ಪಿದವರನ್ನು ಜನರೆಲ್ಲರೂ ಹರಸಿದರು. ಇಷ್ಟೇ ಸಂಗತಿ. ಆದರೆ ಈ ಇಷ್ಟರಲ್ಲಿಯೇ ನಮ್ಮ ಬೆಂಗಳೂರಿನ ಕಥೆಯೂ ಅಡಗಿದೆ ಎಂಬುದು ಪ್ರಬೋಧನೆಯನ್ನು ಸಿದ್ಧಪಡಿಸಲು ಕುಳಿತಾಗ ನಮಗೆ ತಿಳಿದುಬಂದಿತು.

ಗೋಡೆ ಎದ್ದಿತು, ಮನೆಗಳು ಏಳಲಿಲ್ಲ

ಕ್ರಿ.ಪೂ. 587ರಲ್ಲಿ ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಸುಟ್ಟು, ದೇವಾಲಯವನ್ನು ಕೆಡವಿ, ಜನರನ್ನು ಸೆರೆಯೊಯ್ದಿತು. ಸುಮಾರು ಐವತ್ತು ವರ್ಷಗಳ ತರುವಾಯ ಪರ್ಷಿಯದ ಅರಸ ಸೈರಸನು ಅವರಿಗೆ ಹಿಂದಿರುಗಲು ಅಪ್ಪಣೆ ಕೊಟ್ಟನು. ಕ್ರಿ.ಪೂ. 515ರ ಹೊತ್ತಿಗೆ ದೇವಾಲಯ ಮತ್ತೆ ಎದ್ದು ನಿಂತಿತು. ಆದರೆ ಊರಿನ ಕೋಟೆಗೋಡೆ ಬಿದ್ದೇ ಇತ್ತು. ಪರ್ಷಿಯದ ಅರಮನೆಯಲ್ಲಿ ಅರಸನ ಪಾನಸೇವಕನಾಗಿದ್ದ ನೆಹೆಮೀಯನಿಗೆ ಈ ಸುದ್ದಿ ಮುಟ್ಟಿದಾಗ ಅವನು ಕುಳಿತು ಅತ್ತನು, ಉಪವಾಸ ಮಾಡಿದನು, ಬಳಿಕ ಅರಸನ ಅಪ್ಪಣೆ ಪಡೆದು ಕ್ರಿ.ಪೂ. 445ರಲ್ಲಿ ಜೆರುಸಲೇಮಿಗೆ ಬಂದನು. ನೆರೆಯವರ ಹಾಸ್ಯ, ಬೆದರಿಕೆಗಳ ನಡುವೆ 52 ದಿನಗಳಲ್ಲಿ ಗೋಡೆ ಪೂರ್ಣಗೊಂಡಿತು.

ನಾವು ಮಕ್ಕಳಿಗೆ ಧರ್ಮೋಪದೇಶದಲ್ಲಿ ಹೇಳುವ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನೆಹೆಮೀಯನ ನಿಜವಾದ ಕಷ್ಟ ಶುರುವಾದದ್ದು ಇಲ್ಲಿಂದ. ಊರು ವಿಶಾಲವಾಗಿತ್ತು, ಬಾಗಿಲುಗಳು ಭದ್ರವಾಗಿದ್ದವು, ಆದರೆ ಒಳಗೆ ಜನರು ಕೆಲವರೇ. ಮನೆಗಳು ಕಟ್ಟಲ್ಪಟ್ಟಿರಲಿಲ್ಲ ಎಂದು ಅದೇ ಗ್ರಂಥದ 7ನೆಯ ಅಧ್ಯಾಯ ಮರೆಮಾಚದೆ ತಿಳಿಸುತ್ತದೆ. ಜನರು ಏಕೆ ಬರಲಿಲ್ಲ? ಅವರ ಹೊಲ, ದ್ರಾಕ್ಷಿತೋಟಗಳೆಲ್ಲ ಹಳ್ಳಿಗಳಲ್ಲಿದ್ದವು. ಅರಸನ ತೆರಿಗೆ ಕಟ್ಟಲು ಅವುಗಳನ್ನೇ ಅಡವಿಟ್ಟವರೂ ಇದ್ದರು. ಬಿಟ್ಟುಬಂದರೆ ತುತ್ತಿಗೆ ಸಂಚಕಾರ. ಹಾಳುಬಿದ್ದ ಊರಿನಲ್ಲಿ ದುಡಿಮೆಗೆ ದಾರಿಯಿಲ್ಲ. ಮೇಲಾಗಿ ಸುತ್ತಲೂ ಹಗೆಗಳು.

ಆಗ ಅವರು ಮಾಡಿದ ಏರ್ಪಾಡು ಗಮನಾರ್ಹವಾದುದು. ಇದಕ್ಕೆ ಹಿಂದಿನ 10ನೆಯ ಅಧ್ಯಾಯದಲ್ಲಿ ಜನರು ತಮ್ಮ ಬೆಳೆಯ ದಶಾಂಶವನ್ನು ಸಲ್ಲಿಸುವುದಾಗಿ ಪ್ರತಿಜ್ಞೆ ಮಾಡಿದ್ದರು. ಈಗ ತಮ್ಮನ್ನೇ ದಶಾಂಶವಾಗಿ ಎಣಿಸಿಕೊಟ್ಟರು. ಹತ್ತು ಮೂಟೆಗೆ ಒಂದು ಮೂಟೆಯಂತೆ, ಹತ್ತು ಮಂದಿಗೆ ಒಬ್ಬರು. ತಾವಾಗಿ ಬಂದವರ ಬಗ್ಗೆ ಹೀಬ್ರೂ ಮೂಲದಲ್ಲಿ ಬಳಸಿರುವ ಕ್ರಿಯಾಪದವು ದೇವಾಲಯಕ್ಕೆ ಸ್ವಂತ ಇಚ್ಛೆಯಿಂದ ತರುವ ಕಾಣಿಕೆಗೂ ಬಳಕೆಯಾಗುವ ಪದ. ಒಂದು ಊರಿನಲ್ಲಿ ಹೋಗಿ ವಾಸಮಾಡುವುದೂ ದೇವರಿಗೆ ಸಲ್ಲುವ ಕಾಣಿಕೆಯಾಗಬಹುದು ಎಂಬ ಮಾತು ನಮ್ಮನ್ನು ಬಹಳ ಹೊತ್ತು ಹಿಡಿದು ಕೂರಿಸಿತು.

ಪ್ಲೇಗು ಕಟ್ಟಿದ ಬಡಾವಣೆಗಳು

ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟಿದಾಗಲೂ ಗೋಡೆ ಕಟ್ಟಿಸಿ ಸುಮ್ಮನಾಗಲಿಲ್ಲ. ಕಸುಬುದಾರರನ್ನು ಕರೆದು ನೆಲೆಗೊಳಿಸಿದರು. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಬಳೇಪೇಟೆ ಎಂಬ ಹೆಸರುಗಳೇ ಇಂದಿಗೂ ಊರು ಮಾಡಿದವರ ಪಟ್ಟಿಯಾಗಿ ಉಳಿದಿವೆ. 1892ರಲ್ಲಿ ಪೇಟೆಯ ಪಕ್ಕದಲ್ಲಿ ಹೊಸ ಬಡಾವಣೆಯೊಂದು ರೂಪುಗೊಂಡು, ಅಂದಿನ ಮಹಾರಾಜರಾದ ಚಾಮರಾಜೇಂದ್ರ ಒಡೆಯರ ಹೆಸರನ್ನು ಪಡೆಯಿತು. ಅದೇ ನಮ್ಮ ಚಾಮರಾಜಪೇಟೆ.

1898ರ ಆಗಸ್ಟ್ ತಿಂಗಳಲ್ಲಿ ರೈಲಿನ ದಾರಿ ಹಿಡಿದು ಪ್ಲೇಗು ಬೆಂಗಳೂರಿಗೆ ಬಂದಿತು. ಇಕ್ಕಟ್ಟಾದ ಪೇಟೆಯ ಗಲ್ಲಿಗಳಲ್ಲಿ ಇಲಿಗಳು ಬಿದ್ದುದನ್ನು ಕಂಡವರು ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಸಾವಿರಾರು ಮಂದಿ ಸತ್ತರು. ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನೇಮಕಗೊಂಡರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತವು ಗಾಳಿ ಬೆಳಕುಳ್ಳ ಹೊಸ ಬಡಾವಣೆಗಳಿಗೆ ಕೈಹಾಕಿತು. ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ. ಅಗಲವಾದ ರಸ್ತೆ, ಚರಂಡಿ, ಮನೆಗಳ ಹಿಂಬದಿಯಲ್ಲಿ ಮಲ ಹೊರುವವರು ಬಂದುಹೋಗಲೆಂದೇ ಬಿಟ್ಟ ಕಿರುಗಲ್ಲಿ, ಎಲ್ಲವನ್ನೂ ನಕ್ಷೆಯಲ್ಲಿ ಗೆರೆ ಎಳೆದು ಗೊತ್ತುಮಾಡಿದರು. ಯಾವ ಜಾತಿಯವರಿಗೆ ಯಾವ ಭಾಗ ಎಂಬುದನ್ನೂ ಗೆರೆ ಎಳೆದೇ ಹಂಚಿದರು.

ಅಲ್ಲಿ ಮೊದಲು ಬರಿಯ ಬಯಲು ಇತ್ತೆಂದು ತಿಳಿಯಬಾರದು. ಬಸವನಗುಡಿಯ ನೆಲದಲ್ಲಿ ಸುಂಕೇನಹಳ್ಳಿ ಇತ್ತು. ಅಲ್ಲಿನ ರೈತರ ಕಡಲೆಕಾಯಿಯ ನೆನಪಿಗೆ ಇಂದಿಗೂ ಕಾರ್ತೀಕ ಮಾಸದ ಕಡೆಯ ಸೋಮವಾರ ಪರಿಷೆ ಸೇರುತ್ತದೆ. ಮಲ್ಲೇಶ್ವರದ ನೆಲದಲ್ಲಿ ಮೇದರನಿಂಗನಹಳ್ಳಿ ಇತ್ತೆಂಬುದನ್ನು ಕಾಡುಮಲ್ಲೇಶ್ವರ ದೇವಾಲಯದ ಬಳಿ ದೊರೆತ 1669ರ ಶಾಸನ ತಿಳಿಸುತ್ತದೆ. ಹೊಸ ಊರು ಏಳುವಾಗಲೆಲ್ಲ ಹಳೆಯದೊಂದು ಊರು ಹೆಸರು ಕಳೆದುಕೊಳ್ಳುತ್ತದೆ.

ಕಥೋಲಿಕ ಕುಟುಂಬಗಳು ಈ ಕಡೆ ಹಿಂದಿನಿಂದಲೂ ಕಡಿಮೆ. 1809ರಲ್ಲಿ ಬ್ರಿಟಿಷರು ದಂಡುಪ್ರದೇಶವನ್ನು ಸ್ಥಾಪಿಸಿದ ಮೇಲೆ ನಮ್ಮವರ ನೆಲೆ ಹೆಚ್ಚಾಗಿ ಅತ್ತಲೇ ಬೆಳೆಯಿತು. 1949ರಲ್ಲಿ ದಂಡು ಮತ್ತು ಪೇಟೆಗಳು ಒಂದೇ ನಗರಸಭೆಗೆ ಸೇರಿದುವಾದರೂ, ಈ ಹಳೆಯ ಬಡಾವಣೆಗಳಲ್ಲಿ ನಾವು ಇಂದಿಗೂ ಹತ್ತರಲ್ಲಿ ಒಬ್ಬರೂ ಅಲ್ಲ. ಆದ್ದರಿಂದ ಒಂದೊಂದು ಮನೆ ಖಾಲಿಯಾದಾಗಲೂ ಗುರುಗಳಿಗೆ ಅದು ಎದ್ದು ಕಾಣುತ್ತದೆ.

ನಾವು ಬರೆದ ಮೊದಲ ಕರಡು

ಅಂತಹ ಖಾಲಿ ಮನೆಗಳನ್ನು ನೆನೆದುಕೊಂಡೇ ನಾವು ಪ್ರಬೋಧನೆಯ ಮೊದಲ ಕರಡನ್ನು ಬರೆದೆವು. ಹಂಚಿನ ಮನೆಗಳು ಕೆಡವಲ್ಪಟ್ಟು ಅಂಗಡಿ ಸಂಕೀರ್ಣಗಳಾಗುತ್ತಿವೆ, ಮಕ್ಕಳು ಪರದೇಶದಲ್ಲಿದ್ದಾರೆ, ಉಳಿದವರು ಮನೆ ಮಾರಿ ನಗರದ ಹೊರವಲಯದ ಅಪಾರ್ಟ್‌ಮೆಂಟುಗಳಿಗೆ ಹೋಗುತ್ತಿದ್ದಾರೆ, ಪಾದರಕ್ಷೆ ಕಳಚಿದಷ್ಟು ಸುಲಭವಾಗಿ ಧರ್ಮಕೇಂದ್ರವನ್ನು ಕಳಚುತ್ತಿದ್ದಾರೆ ಎಂದು ಬರೆದೆವು. ನೆಹೆಮೀಯನ ಕಾಲದ ಆ ಒಬ್ಬನಂತೆ ಊರಿನಲ್ಲಿ ನಿಲ್ಲುವವರು ಧನ್ಯರು ಎಂದು ಮುಗಿಸಿದೆವು. ಬರಹ ನಮಗೆ ಮೆಚ್ಚುಗೆಯೂ ಆಯಿತು.

ಮರುದಿನ ಬೆಳಗಿನ ಪೂಜೆ ಮುಗಿದ ಮೇಲೆ ಎಂಬತ್ತು ದಾಟಿದ ತಾಯಿಯೊಬ್ಬರು ಬಂದು ಕಾದು ನಿಂತಿದ್ದರು. ಚಾಮರಾಜಪೇಟೆಯ ಮನೆಯನ್ನು ಮಾರಿಯಾಗಿತ್ತು. ಆ ವಾರವೇ ಮಗಳ ಜೊತೆ ಊರಿನ ಹೊರಗಿನ ಅಪಾರ್ಟ್‌ಮೆಂಟಿಗೆ ಹೊರಡಬೇಕಿತ್ತು. ಧರ್ಮಕೇಂದ್ರ ಬದಲಾವಣೆಯ ಪತ್ರಕ್ಕೆ ಬಂದಿರಬೇಕೆಂದು ನಾವು ಲೇಖನಿ ತೆಗೆದುಕೊಂಡೆವು.

"ಪತ್ರ ಆಮೇಲೆ ಕೊಡಿ ಫಾದರ್. ನಮ್ಮ ಮನೆ ಕಟ್ಟಿದಾಗ ಸ್ವಾಮಿಗಳು ಬಂದು ಮಂತ್ರಿಸಿದ್ದರು. ಈಗ ಬಿಡೋವಾಗ ಯಾರೂ ಬರೋದಿಲ್ಲ. ನನ್ನನ್ನು ಹರಸಿ ಕಳಿಸಿ" ಎಂದರು.

"ಈ ವಯಸ್ಸಿನಲ್ಲಿ ಹೊಸ ಜಾಗ ಕಷ್ಟವಾಗುವುದಿಲ್ಲವೇ ಅಮ್ಮಾ?" ಎಂದು ನಾವು ಕೇಳಿದೆವು.

"ಕಷ್ಟಾನೇ. ಹೋಗಿ ನೋಡಿಬಂದೆ. ದೊಡ್ಡ ಗೋಡೆ, ದೊಡ್ಡ ಗೇಟು, ಸೆಕ್ಯೂರಿಟಿಯವರು ಎಲ್ಲಾ ಇದೆ. ಪಕ್ಕದ ಮನೇಲಿ ಯಾರಿದಾರೆ ಅಂತ ನನ್ನ ಮಗಳಿಗೇ ಗೊತ್ತಿಲ್ಲ. ನಮ್ಮೋರೂ ಎಲ್ಲೋ ಒಂದಷ್ಟು ಮನೆ ಇರಬೇಕು. ಜಪಸರಕ್ಕೆ ಯಾರಾದರೂ ಒಬ್ಬರು ಮೊದಲು ಕರೀಬೇಕಲ್ಲ ಫಾದರ್, ನಾನೇ ಕರೀತೀನಿ. ನಮ್ಮತ್ತೆ ಹಳ್ಳಿ ಬಿಟ್ಟು ಇಲ್ಲಿಗೆ ಬಂದಾಗಲೂ ಹಾಗೇ ಶುರು ಮಾಡಿದ್ದಂತೆ."

ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆವು. ಅವರು ಹೋದ ಮೇಲೆ ಕರಡನ್ನು ಮತ್ತೆ ಓದಿದಾಗ ನಾಚಿಕೆಯಾಯಿತು. ಗೋಡೆಯಿದೆ, ಬಾಗಿಲಿದೆ, ಜನ ಸೇರಿಲ್ಲ ಎಂದು ಆ ತಾಯಿ ಹೇಳಿದ್ದು ನೆಹೆಮೀಯನ ಮಾತನ್ನೇ. ಅವರು ಆ ಅಧ್ಯಾಯವನ್ನು ಓದಿದ್ದರೋ ಇಲ್ಲವೋ ತಿಳಿಯದು. ಓದಿದ್ದ ನಾವು ಅದನ್ನು ತಲೆಕೆಳಗಾಗಿ ಹಿಡಿದಿದ್ದೆವು. ಅಲ್ಲಿ ಹರಸಲ್ಪಟ್ಟವರು ತಮ್ಮ ಊರನ್ನು ಬಿಡದೆ ಕುಳಿತವರಲ್ಲ. ಹಳ್ಳಿಯ ಮನೆಯನ್ನು ಬಿಟ್ಟು, ಇನ್ನೂ ಊರಾಗದ ಊರಿಗೆ ಹೊರಟವರು. ಹರಸಿದವರು ಹಳ್ಳಿಗಳ ಜನರು, ಅಂದರೆ ತಮ್ಮ ಬಂಧುಗಳನ್ನು ಕಳೆದುಕೊಳ್ಳಬೇಕಾಗಿದ್ದವರು. ಹಾಗಿದ್ದ ಮೇಲೆ ಹೊರಟವರನ್ನು ಬೈಯುವ ಪ್ರಬೋಧನೆಗೆ ಈ ಅಧ್ಯಾಯ ಹೇಗೆ ಆಧಾರವಾದೀತು?

ಒಂಬತ್ತು ಮಂದಿಯನ್ನೂ ಗ್ರಂಥ ಶಪಿಸುವುದಿಲ್ಲ ಎಂಬುದನ್ನೂ ಆಗಲೇ ಗಮನಿಸಿದೆವು. ಅಧ್ಯಾಯದ ಕೊನೆಯ ಭಾಗದಲ್ಲಿ ಬೇರ್ಷೆಬದಿಂದ ಹಿನ್ನೋಮ್ ಕಣಿವೆಯವರೆಗಿನ ಅವರ ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಬರೆದಿಟ್ಟಿದೆ. ನಗರಕ್ಕೆ ಅನ್ನ ಹೋಗಬೇಕಾದದ್ದು ಆ ಹೊಲಗಳಿಂದಲೇ. ಉಳಿಯುವವರಿಗೆ ಒಂದು ಕರ್ತವ್ಯ, ಹೊರಡುವವರಿಗೆ ಇನ್ನೊಂದು. ಎರಡನ್ನೂ ಜೋಡಿಸುವುದು ಹರಕೆ.

ಪಟ್ಟಿಯಲ್ಲಿರುವ ಹೆಸರುಗಳು

ಅಂದು ರಾತ್ರಿ, ನಾವು ಹಿಂದೆ ಮಗುಚುತ್ತಿದ್ದ ಪಟ್ಟಿಯನ್ನು ಸಾವಧಾನವಾಗಿ ಓದಿದೆವು. ಜೆರುಸಲೇಮಿನಲ್ಲಿ ನೆಲೆಸಿದ ಯೆಹೂದ ಕುಲದ ಪೆರೆಚನ ವಂಶಸ್ಥರು 468 ಮಂದಿ. ಬೆನ್ಯಾಮೀನ್ ಕುಲದವರು 928. ಯಾಜಕರು ಮೂರು ಗುಂಪುಗಳಲ್ಲಿ 822, 242, 128. ಲೇವಿಯರು 284. ದ್ವಾರಪಾಲಕರು 172. ಕೂಡಿದರೆ 3,044 ಗಂಡಸರು. ಒಂದು ರಾಜಧಾನಿಗೆ ಇದು ಬಹಳ ಚಿಕ್ಕ ಸಂಖ್ಯೆ. ನಮ್ಮ ಬಸವನಗುಡಿಯ ಕೆಲವು ಬೀದಿಗಳಲ್ಲಿ ಇಂದು ಅಷ್ಟು ಜನರಿದ್ದಾರು.

ಆ ಪಟ್ಟಿಯಲ್ಲಿ ನಾಯಕರು, ಯಾಜಕರಷ್ಟೇ ಇಲ್ಲ. ಬಾಗಿಲು ಕಾಯುವವರಿದ್ದಾರೆ. ಪ್ರಾರ್ಥನೆಯಲ್ಲಿ ಕೃತಜ್ಞತಾಸ್ತುತಿಯನ್ನು ಆರಂಭಿಸುವ ಮತ್ತನ್ಯನೆಂಬ ಹಾಡುಗಾರನಿದ್ದಾನೆ. ಓಫೆಲ್ ದಿಣ್ಣೆಯ ಮೇಲೆ ವಾಸಿಸುತ್ತಿದ್ದ ದೇವಾಲಯದ ಪರಿಚಾರಕರಿದ್ದಾರೆ. ಅವರ ಮೇಲ್ವಿಚಾರಕರ ಹೆಸರುಗಳೂ ಉಳಿದಿವೆ. ಊರು ಊರಾಗಲು ಬೇಕಾದವರು ಇವರೆಲ್ಲ ಎಂದು ಬರೆದವನು ಬಲ್ಲ.

ಮೊದಲು ಹೇಳಿದ ಪೆರೆಚನ ಹೆಸರು ಇನ್ನೊಂದು ವಿಷಯವನ್ನು ನೆನಪಿಗೆ ತರುತ್ತದೆ. ನೆಹೆಮೀಯನು ವಂಶಶುದ್ಧಿಯ ವಿಷಯದಲ್ಲಿ ಕಠಿಣನಾಗಿದ್ದನು. ಮೋವಾಬ್ ಮುಂತಾದ ಅನ್ಯ ಜನಾಂಗದ ಹೆಣ್ಣುಗಳನ್ನು ಮದುವೆಯಾದವರನ್ನು ಅವನು ಗದರಿಸಿ ಹೊಡೆದ ಸಂಗತಿ 13ನೆಯ ಅಧ್ಯಾಯದಲ್ಲಿದೆ. ಆದರೆ ಅವನ ಪಟ್ಟಿಯಲ್ಲೇ ಮೊದಲಿಗರಾಗಿ ನಿಂತ ಪೆರೆಚನ ವಂಶದ ಮೂಲದಲ್ಲಿ, ತನಗೆ ಸಲ್ಲಬೇಕಾದ ನ್ಯಾಯವನ್ನು ಬಿಡದೆ ಪಡೆದ ವಿಧವೆ ತಾಮಾರಳಿದ್ದಾಳೆ. ಅದೇ ವಂಶದ ಬೋವಜನ ಕೈಹಿಡಿದವಳು ಮೋವಾಬಿನ ರೂತ್. ಸಂತ ಮತ್ತಾಯನು ಕ್ರಿಸ್ತಯೇಸುವಿನ ವಂಶಾವಳಿಯಲ್ಲಿ ಈ ಇಬ್ಬರು ಹೆಂಗಸರ ಹೆಸರನ್ನೂ ಬರೆದಿದ್ದಾನೆ. ನಕ್ಷೆಯ ಮೇಲೆ ಎಳೆದ ಗೆರೆಗಳನ್ನು ದೇವರು ಹೀಗೆ ದಾಟುತ್ತಾನೆ. ನಮ್ಮ ಬಡಾವಣೆಗಳ ಜಾತಿಯ ಗೆರೆಗಳೂ ಅವನಿಗೆ ಅಡ್ಡಿಯಲ್ಲ. ಅಡ್ಡಿಯಾದರೆ ಅದು ನಮ್ಮ ಮನಸ್ಸಿನಲ್ಲಿ.

ಇಷ್ಟು ಓದಿದ ಮೇಲೆ ಪ್ರಶ್ನೆ ನಮ್ಮ ಕಡೆಗೇ ತಿರುಗಿತು. ನಮ್ಮ ಧರ್ಮಕೇಂದ್ರದ ಕುಟುಂಬಗಳ ದಾಖಲೆ ಪುಸ್ತಕದಲ್ಲಿ ಯಾರ ಹೆಸರುಗಳಿವೆ? ಖಾಲಿಯಾದ ಮನೆಗಳನ್ನು ನಾವು ಎಣಿಸುತ್ತಿದ್ದೆವು; ಬಂದವರನ್ನು ಎಣಿಸಿರಲಿಲ್ಲ. ಭಾನುವಾರದ ಪೂಜೆಯಲ್ಲಿ ಹಿಂಬದಿಯ ಬಾಗಿಲ ಬಳಿ ನಿಂತು, ಪೂಜೆ ಮುಗಿಯುತ್ತಲೇ ಹೊರಟುಹೋಗುವ ಯುವತಿಯರಿದ್ದಾರೆ. ಜಾರ್ಖಂಡ್, ಒಡಿಶಾ, ಈಶಾನ್ಯ ರಾಜ್ಯಗಳಿಂದ ಬಂದು ಈ ಬಡಾವಣೆಗಳ ಮನೆಗಳಲ್ಲಿ, ಸಲೂನುಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವವರು. ರಾತ್ರಿ ಕಾವಲು ಮುಗಿಸಿ ಸಮವಸ್ತ್ರದಲ್ಲಿಯೇ ಬೆಳಗಿನ ಪೂಜೆಗೆ ಬರುವ ಯುವಕನಿದ್ದಾನೆ. ನೆಹೆಮೀಯನ ಮಾತಿನಲ್ಲಿ ಅವನು ದ್ವಾರಪಾಲಕ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಊರೆಲ್ಲ ಮನೆಯೊಳಗೆ ಸೇರಿದಾಗ ಇಂತಹವರು ಎಲ್ಲಿದ್ದರು, ಏನು ಉಂಡರು ಎಂಬುದು ನಮಗೆ ತಿಳಿದಿರಲಿಲ್ಲ. ಹೆಸರೇ ಗೊತ್ತಿಲ್ಲದವರನ್ನು ಹೇಗೆ ಹುಡುಕುವುದು? ಈ ತಪ್ಪು ಬೇರೆ ಯಾರದೂ ಅಲ್ಲ, ಗುರುಗಳಾದ ನಮ್ಮದು.

ಬಾಳಲು ಒಪ್ಪಿದವರು

ಅರಿಸ್ಟಾಟಲನ ವಿಚಾರವನ್ನು ಗುರುಮಠದಲ್ಲಿ ಕಲಿತದ್ದು ಈ ವೇಳೆ ನೆನಪಾಯಿತು. ಜನರು ಬದುಕಿ ಉಳಿಯುವುದಕ್ಕಾಗಿ ನಗರವು ಹುಟ್ಟುತ್ತದೆ, ಒಳ್ಳೆಯ ಬಾಳನ್ನು ಬಾಳುವುದಕ್ಕಾಗಿ ಮುಂದುವರಿಯುತ್ತದೆ ಎಂಬುದು ಅವನ ಅಭಿಪ್ರಾಯ. ಪ್ಲೇಗಿನ ಭಯದಿಂದ ನಮ್ಮ ಬಡಾವಣೆಗಳು ಹುಟ್ಟಿದವು. ಅವು ಊರಾದದ್ದು ಜಗಲಿಗಳಿಂದ, ಶಾಲೆಗಳಿಂದ, ಪಕ್ಕದ ಮನೆಗೆ ಹೋಗಿಬಂದ ಪಲ್ಯದ ಬಟ್ಟಲುಗಳಿಂದ. ಕ್ರಿ.ಶ. 410ರಲ್ಲಿ ರೋಮ್ ನಗರ ಸೂರೆಯಾದಾಗ ಕಂಗೆಟ್ಟ ಕ್ರೈಸ್ತರಿಗೆ ಸಂತ ಅಗಸ್ಟೀನರು ತಿಳಿಹೇಳಿದ್ದೂ ಇದೇ ಅರ್ಥದ್ದು. ನಗರದ ಸತ್ವವನ್ನು ಅವರು ಕಂಡದ್ದು ಕಲ್ಲುಗೋಡೆಯಲ್ಲಿ ಅಲ್ಲ, ನಾಗರಿಕರಲ್ಲಿ.

ಬೆಂಗಳೂರಿನಲ್ಲಿ ಎಲ್ಲರೂ ಬಲ್ಲ ಐತಿಹ್ಯವೊಂದಿದೆ. ಕೋಟೆಯ ಬಾಗಿಲು ನಿಲ್ಲದೆ ಬೀಳುತ್ತಿದ್ದಾಗ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮ ತನ್ನ ಪ್ರಾಣವನ್ನೇ ಒಪ್ಪಿಸಿದಳಂತೆ. ಕೋರಮಂಗಲದಲ್ಲಿ ಅವಳ ಸ್ಮಾರಕವಿದೆ. ಊರಿಗಾಗಿ ಸತ್ತವಳೆಂದು ಜನ ಅವಳನ್ನು ಗೌರವದಿಂದ ನೆನೆಯುತ್ತಾರೆ. ನೆಹೆಮೀಯನ ಜನರು ಹರಸಿದ್ದು ಊರಿಗಾಗಿ ಬಾಳಲು ಒಪ್ಪಿದವರನ್ನು. ಅದು ಒಂದು ಕ್ಷಣದ ತ್ಯಾಗವಲ್ಲ. ಬೆಳಗೆದ್ದು ನೆರೆಯವರ ಮುಖ ನೋಡುವುದು, ನೀರಿನ ಸರದಿಯಲ್ಲಿ ತಾಳ್ಮೆ ಕೆಡದಿರುವುದು, ಬೇರೆ ಭಾಷೆಯ ಮಗುವಿಗೆ ಕನ್ನಡದ ನಾಲ್ಕು ಮಾತು ಕಲಿಸುವುದು, ಪಕ್ಕದ ಮನೆಯ ಸಾವಿಗೆ ಕರೆಯದೆಯೇ ಹೋಗುವುದು, ಹೀಗೆ ದಿನದಿನವೂ ಸಲ್ಲಿಸಬೇಕಾದ ದಶಾಂಶ.

ಇಂತಹ ಊರಿನ ಗುರುತೇನು ಎಂಬುದನ್ನು ಪ್ರವಾದಿ ಜೆಕರ್ಯನ ಗ್ರಂಥದ 8ನೆಯ ಅಧ್ಯಾಯದಲ್ಲಿ ನೋಡಬಹುದು. ಬೆಸ ಸಂಖ್ಯೆಯ ವರ್ಷಗಳಲ್ಲಿ ಸಾಧಾರಣ ಕಾಲದ 26ನೆಯ ವಾರದ ಸೋಮವಾರ ಈ ಭಾಗವನ್ನು ಪೂಜೆಯಲ್ಲಿ ಓದುತ್ತೇವೆ. ದೇವರು ಮತ್ತೆ ನೆಲೆಸುವ ಜೆರುಸಲೇಮಿನ ಚಿತ್ರ ಅಲ್ಲಿದೆ. ಪ್ರವಾದಿಯು ಅಲ್ಲಿ ಅರಮನೆಗಳನ್ನು ಎಣಿಸುವುದಿಲ್ಲ. ಕೋಲೂರಿಕೊಂಡ ಮುದುಕ ಮುದುಕಿಯರು ಬೀದಿಯಲ್ಲಿ ಕುಳಿತಿರುವುದನ್ನೂ, ಹುಡುಗರು ಹುಡುಗಿಯರು ಅದೇ ಬೀದಿಯಲ್ಲಿ ಆಡುತ್ತಿರುವುದನ್ನೂ ತೋರಿಸುತ್ತಾನೆ. ಮಲ್ಲೇಶ್ವರದ ಅಡ್ಡರಸ್ತೆಯಾಗಲಿ, ಹೊರವಲಯದ ಅಪಾರ್ಟ್‌ಮೆಂಟಿನ ಅಂಗಳವಾಗಲಿ, ಈ ಅಳತೆಗೆ ನಿಂತರೆ ಅದು ಊರು.

ಓದುಗ ಬಂಧುಗಳೇ, ನಮ್ಮ ಎರಡನೆಯ ಕರಡು ಚಿಕ್ಕದು. ಅದರಲ್ಲಿ ಬೈಗುಳವಿಲ್ಲ. ಮೂರು ಬಿನ್ನಹಗಳಿವೆ. ಮನೆ ಬಿಟ್ಟು ಹೊರಡುವ ಕುಟುಂಬಗಳು ಹೇಳದೆ ಹೋಗಬೇಡಿ. ಕಟ್ಟಿದಾಗ ಮಂತ್ರಿಸಿದಂತೆ ಬಿಡುವಾಗಲೂ ಬಂದು ಪ್ರಾರ್ಥಿಸಿ ನಿಮ್ಮನ್ನು ಕಳುಹಿಸಿಕೊಡುವುದು ಗುರುಗಳ ಕರ್ತವ್ಯ. ಉಳಿದಿರುವ ಕುಟುಂಬಗಳು ಈ ಹಬ್ಬದ ಊಟಕ್ಕೆ, ಹಿಂಬದಿಯ ಬಾಗಿಲ ಬಳಿ ನಿಲ್ಲುವ ಒಬ್ಬರನ್ನಾದರೂ ಮನೆಗೆ ಕರೆಯಿರಿ. ಹೊಸ ಜಾಗಕ್ಕೆ ಹೋದವರು, ಯಾರಾದರೂ ಕರೆದಾರೆಂದು ಕಾಯದೆ, ಜಪಸರಕ್ಕೆ ನೀವೇ ಮೊದಲು ಕರೆಯಿರಿ.

ಕಳೆದ ಭಾನುವಾರ ಪೂಜೆಯ ನಂತರ ನಾವು ದಾಖಲೆ ಪುಸ್ತಕವನ್ನು ಹಿಡಿದು ಹಿಂಬದಿಯ ಬಾಗಿಲಲ್ಲಿ ನಿಂತೆವು. ಮೊದಲಿಗೆ ಅವರು ಹಿಂಜರಿದರು. ಯಾವುದೋ ವಿಚಾರಣೆಯೆಂದು ಅಂಜಿದಂತೆ ಕಂಡಿತು. ಆಮೇಲೆ ಒಬ್ಬಳು ತನ್ನ ಹೆಸರನ್ನೂ ತನ್ನ ಹಳ್ಳಿಯ ಹೆಸರನ್ನೂ ಹೇಳಿದಳು. ಅಕ್ಷರ ತಪ್ಪಿದಾಗ ನಕ್ಕು ತಿದ್ದಿದಳು. ಆ ದಿನ ಹನ್ನೊಂದು ಹೆಸರುಗಳನ್ನು ಬರೆದುಕೊಂಡೆವು. ಬಿಟ್ಟುಹೋದ ತಾಯಿಯ ಹೆಸರನ್ನು ಪುಸ್ತಕದಿಂದ ಹೊಡೆದುಹಾಕಲಿಲ್ಲ. ಅದರ ಎದುರಿಗೆ 'ಹರಸಿ ಕಳುಹಿಸಲಾಯಿತು' ಎಂದು ಬರೆದೆವು.

ಐದನೆಯ ಸಂಜೆ ಆ ಅಧ್ಯಾಯವನ್ನು ಪೂರ್ತಿಯಾಗಿ, ಒಂದು ಹೆಸರನ್ನೂ ಬಿಡದೆ, ಓದಿಸಬೇಕೆಂದಿದ್ದೇವೆ. ಬೇಸರಪಟ್ಟುಕೊಳ್ಳದೆ ಕೇಳಿರಿ. ಊರು ಕಟ್ಟಿದವರ ಹೆಸರುಗಳು ಅವು. ನಮ್ಮ ಹೆಸರನ್ನೂ ಅಂತಹುದೇ ಒಂದು ಪಟ್ಟಿಯಲ್ಲಿ ಬರೆಯುವಂತೆ ಬಾಳಲು ದೇವರು ನಮ್ಮೆಲ್ಲರಿಗೂ ಮನಸ್ಸು ಕೊಡಲಿ.